ಒಂದೇ ದಿನ ಮೂರೂ ‘ಲಾರ್ಡ್ ಆಫ್ ದಿ ರಿಂಗ್ಸ್’: ಬಳ್ಳಾರಿಯ ಮ್ಯಾರಥಾನ್ ಶೋ ಹೇಗಿತ್ತು?

ಮೊದಲೇ ಹೇಳಿಬಿಡುತ್ತೇನೆ. ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಸಿನಿಮಾ ಹುಚ್ಚು ಇದ್ದವರು ಇನ್ನೊಮ್ಮೆ ಇಂಥದ್ದು ಇಟ್ಟರೆ ಕಣ್ಣು ಮುಚ್ಚಿಕೊಂಡು ಹೋಗಬಹುದು. ಹೆಣ್ಣುಮಕ್ಕಳಾದರೆ ಕಣ್ಣು ತೆರೆದುಕೊಂಡೇ ಹೋಗಿ. ಯಾಕೆ ಅಂತ ಮುಂದೆ ಬರುತ್ತದೆ.

ಮೇ ತಿಂಗಳ ಒಂದು ಭಾನುವಾರ ನಮ್ಮ ಬಳ್ಳಾರಿಯ ಒಂದು ಹಳೇ ಥಿಯೇಟರಿನಲ್ಲಿ ‘ಲಾರ್ಡ್ ಆಫ್ ದಿ ರಿಂಗ್ಸ್’ನ ಮೂರೂ ಭಾಗ ಒಂದರ ಹಿಂದೆ ಒಂದು ತೋರಿಸಿದರು. ಥಿಯೇಟರಿನವರು ತಾವಾಗಿ ಇಟ್ಟ ಶೋ ಅಲ್ಲ ಇದು. ಕಾಲೇಜು ಹುಡುಗ ಹುಡುಗಿಯರ ಗುಂಪೊಂದು ಅನುಮತಿ ಗಿನುಮತಿ ಎಲ್ಲಾ ಮಾಡಿಸಿಕೊಂಡು, ಇಡೀ ದಿನಕ್ಕೆ ಹಾಲ್ ಬಾಡಿಗೆ ಹಿಡಿದಿತ್ತು. ಟಿಕೆಟ್ 500 ರೂಪಾಯಿ. ತಿಂಡಿ, ಊಟ, ಎರಡು ಸಲ ಚಹಾ ಅದರಲ್ಲೇ ಬಂತು.

ನಾನು ಸ್ಟಾಫ್ ನರ್ಸ್. ಹನ್ನೆರಡು ತಾಸಿನ ಡ್ಯೂಟಿ ನನಗೆ ರೂಢಿ. ಆದರೆ ಡ್ಯೂಟಿಯಲ್ಲಿ ಓಡಾಡುತ್ತಲೇ ಇರುತ್ತೇವೆ. ಅಷ್ಟೇ ಹೊತ್ತು ಕುರ್ಚಿಯಲ್ಲಿ ಕೂತಿರುವುದು ಬೇರೆಯೇ ಕೆಲಸ. ನನ್ನನ್ನು ಎಳೆದುಕೊಂಡು ಹೋಗಿದ್ದು ಅಕ್ಕನ ಮಗ. ಇಂಜಿನಿಯರಿಂಗ್ ಓದುತ್ತಾನೆ. “ಬಾ ಚಿಕ್ಕಮ್ಮ, ಯಾರಿಗಾದ್ರೂ ತಲೆ ತಿರುಗಿ ಬಿದ್ರೆ ನೀನಿರ್ತೀಯ” ಅಂದ. ಪ್ರೀತಿಯಿಂದ ಕರೆದನೋ, ಫಸ್ಟ್ ಏಡ್ ಡಬ್ಬಿ ಅಂತ ಕರೆದನೋ ದೇವರಿಗೇ ಗೊತ್ತು.

ಹಾಗಂತ ಕಥೆ ನನಗೆ ಹೊಸದಲ್ಲ. ಕೆಟ್ಟ ಉಂಗುರವೊಂದನ್ನು ಬೆಂಕಿ ಬೆಟ್ಟದಲ್ಲಿ ಕರಗಿಸಲು ಫ್ರೋಡೋ, ಅವನ ಗೆಳೆಯ ಸ್ಯಾಮ್ ಹೊರಡುವ ಕಥೆ. ನರ್ಸಿಂಗ್ ಓದುವಾಗ ಹಾಸ್ಟೆಲ್‌ಗೆ ಸಿ.ಡಿ. ಬಾಡಿಗೆ ತಂದು, ಸಣ್ಣ ಟಿವಿಯ ಮುಂದೆ ಒತ್ತಾಗಿ ಕೂತು ನೋಡಿದ್ದೆವು. ಆಗ ರಾಕ್ಷಸರಂಥ ಓರ್ಕ್‌ಗಳೆಲ್ಲಾ ಅಂಗೈ ಅಗಲ ಕಾಣುತ್ತಿದ್ದವು. ದೊಡ್ಡ ಪರದೆ ಮೇಲೆ ನೋಡಬೇಕು ಅನ್ನೋ ಆಸೆ ಹಳೆಯದು.

ಈಗ ಲೆಕ್ಕಕ್ಕೆ ಬರೋಣ. ಮೊದಲ ಭಾಗ 178 ನಿಮಿಷ, ಎರಡನೆಯದು 179, ಮೂರನೆಯದು 201. ಒಟ್ಟು 558 ನಿಮಿಷ. ಅಂದರೆ ಬರೀ ಸಿನಿಮಾನೇ ಒಂಬತ್ತೂಕಾಲು ತಾಸಿನ ಮೇಲೆ. ಇದು ಥಿಯೇಟರಿಗೆ ಬಿಟ್ಟ ಆವೃತ್ತಿ. ಡಿ.ವಿ.ಡಿ.ಗೆ ಅಂತ ಉದ್ದ ಮಾಡಿದ ಇನ್ನೊಂದು ಆವೃತ್ತಿ ಇದೆ, ಅದು ಹನ್ನೊಂದು ತಾಸು ದಾಟುತ್ತದೆ. ಪುಣ್ಯಕ್ಕೆ ಅದನ್ನು ಹಾಕಲಿಲ್ಲ. ನಿರ್ದೇಶಕ ಪೀಟರ್ ಜಾಕ್ಸನ್ ಮೂರನ್ನೂ ನ್ಯೂಜಿಲೆಂಡಿನಲ್ಲಿ ಒಟ್ಟಿಗೇ ಶೂಟ್ ಮಾಡಿದ್ದರು, 1999ರ ಅಕ್ಟೋಬರ್‌ನಿಂದ 2000ದ ಡಿಸೆಂಬರ್‌ವರೆಗೆ. ಆದರೆ ಬಿಡುಗಡೆ ಮಾಡಿದ್ದು ಬೇರೆ ಬೇರೆಯಾಗಿ, 2001, 2002, 2003ರ ಡಿಸೆಂಬರ್‌ಗಳಲ್ಲಿ. ಅಂದರೆ ಮಾಡಿದವರು ನೋಡುವವರಿಗೆ ಒಂದೊಂದು ವರ್ಷ ಬಿಡುವು ಕೊಟ್ಟಿದ್ದರು. ನಮ್ಮ ಹುಡುಗರು ಕೊಟ್ಟಿದ್ದು ಊಟಕ್ಕೆ 45 ನಿಮಿಷ, ಚಹಾಕ್ಕೆ ಅರ್ಧ ತಾಸು, ಪ್ರತಿ ಸಿನಿಮಾದ ಮಧ್ಯದಲ್ಲಿ 10 ನಿಮಿಷದ ಇಂಟರ್ವಲ್. ಇಂಥ ಶೋನಲ್ಲಿ ಸಿನಿಮಾ ಚೆನ್ನಾಗಿರುತ್ತದೆ ಅನ್ನುವುದು ಹೇಗೂ ಗೊತ್ತೇ ಇರುತ್ತದೆ. ನೋಡಬೇಕಾದ್ದು ಬಿಡುವು ಹೇಗಿದೆ ಅಂತ. ಅದಕ್ಕೇ ನಾನು ಜಾಸ್ತಿ ಅದರ ಬಗ್ಗೆಯೇ ಬರೆಯುತ್ತೇನೆ.

ಬೆಳಿಗ್ಗೆ ಎಂಟೂವರೆಗೆ ಗೇಟಿನ ಹತ್ತಿರ ಜಾತ್ರೆ. ಒಬ್ಬ ಹುಡುಗ ಸಿನಿಮಾದ ಮುದಿ ಮಂತ್ರವಾದಿ ಗ್ಯಾಂಡಾಲ್ಫ್ ಆಗಿದ್ದ. ಮೈಮೇಲೆ ಕುರಿ ಉಣ್ಣೆಯ ಕರೀ ಕಂಬಳಿ, ಕೈಯಲ್ಲಿ ಬಿದಿರಿನ ಕೋಲು, ನಾಟಕದ ಡ್ರೆಸ್ ಅಂಗಡಿಯಿಂದ ಬಾಡಿಗೆ ತಂದ ಋಷಿ ಗಡ್ಡ. ಬಳ್ಳಾರಿ ಮೇ ತಿಂಗಳಲ್ಲಿ ಕಂಬಳಿ! ಟಿಕೆಟ್ ತೋರಿಸುವಷ್ಟರಲ್ಲೇ ಗಡ್ಡದ ಗೋಂದು ಬೆವರಿಗೆ ಬಿಟ್ಟು ಜೋಲಾಡುತ್ತಿತ್ತು. ಇನ್ನೊಬ್ಬ ಹಾಬಿಟ್ ಅಂತೆ, ಅಂದರೆ ಕಥೆಯ ಪುಟ್ಟ ಜನರಲ್ಲಿ ಒಬ್ಬ. ಹಾಬಿಟ್‌ಗಳು ಚಪ್ಪಲಿ ಹಾಕುವುದಿಲ್ಲ ಅಂತ ಬರಿಗಾಲಲ್ಲಿ ಬಂದಿದ್ದ. ಬೆಳಿಗ್ಗೆ ಎಲ್ಲರೂ ಅವನ ಜೊತೆ ಫೋಟೋ ತೆಗೆಸಿಕೊಂಡರು. ಮಧ್ಯಾಹ್ನ ಊಟಕ್ಕೆ ಹೊರಗೆ ಬಂದಾಗ ಅವನು ಮೆಟ್ಟಿಲ ನೆರಳಲ್ಲೇ ನಿಂತುಬಿಟ್ಟ. ನೆಲ ಕಾದ ಹೆಂಚಾಗಿತ್ತು. ಕೊನೆಗೆ ಗ್ಯಾಂಡಾಲ್ಫನೇ ಅವನಿಗೆ ಊಟದ ಡಬ್ಬಿ ತಂದುಕೊಟ್ಟ.

ಒಂಬತ್ತಕ್ಕೆ ಅಂದಿದ್ದು, ಶುರುವಾಗಿದ್ದು ಒಂಬತ್ತೂ ಇಪ್ಪತ್ತಕ್ಕೆ. ನಮ್ಮೂರಿಗೆ ಇದು ಟೈಮಿಗೆ ಸರಿಯಾಗಿ ಅಂತಲೇ ಲೆಕ್ಕ.

ಮೊದಲ ಭಾಗದ ಇಂಟರ್ವಲ್ ಇಟ್ಟ ಜಾಗ ಬಹಳ ಸರಿಯಾಗಿತ್ತು. ಎಲ್ಫ್ ಅನ್ನೋ ದೇವತೆಗಳಂಥ ಜನರ ಊರಲ್ಲಿ ಸಭೆ ನಡೆದು, ಒಂಬತ್ತು ಜನರ ತಂಡ ಕಟ್ಟಿ ಮುಗಿದ ಕೂಡಲೇ ಲೈಟ್ ಬಂತು. ಯಾರೋ ಕೂತು ನಿಮಿಷ ಎಣಿಸಿ ಹುಡುಕಿದ್ದಾರೆ. ಹೊರಗೆ ಬಂದರೆ ಟೇಬಲ್ ಮೇಲೆ ಬೋರ್ಡು: ‘ಎರಡನೇ ತಿಂಡಿ’. ಸಿನಿಮಾದಲ್ಲಿ ಪಿಪ್ಪಿನ್ ಅನ್ನೋ ಹಾಬಿಟ್ ದಾರಿ ನಡುವೆ ಎರಡನೇ ತಿಂಡಿ ಎಲ್ಲಿ ಅಂತ ಕೇಳುತ್ತಾನಲ್ಲ, ಅದು. ಇಲ್ಲಿ ಕೊಟ್ಟಿದ್ದು ಬಿಸಿ ಬಿಸಿ ಮಂಡಕ್ಕಿ ಒಗ್ಗರಣಿ, ಮೇಲೆ ಪುಟಾಣಿ ಪುಡಿ, ಪಕ್ಕದಲ್ಲಿ ಮಿರ್ಚಿ ಬಜ್ಜಿ. ಪೇಪರ್ ಪ್ಲೇಟಿನಲ್ಲಿ. ಬೆಂಗಳೂರಿನ ಮಾಲ್‌ನಲ್ಲಿ ಇದೇ ದುಡ್ಡಿಗೆ ಪಾಪ್‌ಕಾರ್ನ್ ಮತ್ತು ಒಂದು ನಗು ಸಿಗುತ್ತದೆ ಅಷ್ಟೇ. ಇಡೀ ದಿನದಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟ ಐಡಿಯಾ ಇದು. ಆದರೆ ಒಂದು ಮಾತು. ಹತ್ತು ತಾಸು ಕೂರಬೇಕಾದವರಿಗೆ ಬೆಳಿಗ್ಗೆ ಹನ್ನೊಂದಕ್ಕೆ ಮಿರ್ಚಿ ಕೊಡುವವರು ಮುಂದಿನದ್ದಕ್ಕೂ ತಯಾರಿರಬೇಕು. ಅಂದರೆ ಟಾಯ್ಲೆಟ್ಟಿಗೆ.

ಈಗ ಅದಕ್ಕೆ ಬಂದೆ. ಹೆಂಗಸರ ಕಡೆ ನಾಲ್ಕು ಬಾಗಿಲು. ಒಂದಕ್ಕೆ ಬೀಗ. ಒಂದಕ್ಕೆ ಚಿಲಕ ಇಲ್ಲ, ಹೊರಗೆ ಇನ್ನೊಬ್ಬರು ಕಾವಲು ನಿಲ್ಲಬೇಕು. ಹಾಲ್‌ನಲ್ಲಿ ಏನಿಲ್ಲ ಅಂದರೂ ಮೂರರಲ್ಲಿ ಒಂದು ಪಾಲು ಹೆಣ್ಣುಮಕ್ಕಳು. ಬಿಡುವು 10 ನಿಮಿಷ. ಲೆಕ್ಕ ನೀವೇ ಹಾಕಿ. ಮೊದಲ ಇಂಟರ್ವಲ್‌ನಲ್ಲಿ ನಾನು ಒಳಗೆ ಬರುವಷ್ಟರಲ್ಲಿ ತಂಡ ಹಿಮದ ಬೆಟ್ಟ ಹತ್ತಿ ಇಳಿದಾಗಿತ್ತು. ಗಂಡಸರು ಆರಾಮಾಗಿ ಚಹಾ ಮುಗಿಸಿ, ಎರಡನೇ ಮಿರ್ಚಿ ತಿಂದು ಬಂದು ಕೂತಿದ್ದರು.

ಇದರಿಂದ ಏನಾಗುತ್ತದೆ ಗೊತ್ತಾ? ಎರಡನೇ ಸಿನಿಮಾ ಶುರುವಾಗುವಾಗ ಹುಡುಗಿಯರು ನೀರು ಕುಡಿಯುವುದನ್ನೇ ಬಿಟ್ಟರು. ನನ್ನ ಮುಂದಿನ ಸಾಲಿನ ಇಬ್ಬರು ಬಾಟಲಿ ಹಾಗೇ ಇಟ್ಟುಕೊಂಡಿದ್ದರು. ಸಂಜೆ ಹೊತ್ತಿಗೆ ಒಬ್ಬಳಿಗೆ ತಲೆನೋವು ಶುರು. ಇದು ನಾನು ದಿನಾ ನೋಡುವ ಕಥೆ. ಬಸ್ಸಿನಲ್ಲಿ, ಮದುವೆಯಲ್ಲಿ, ಪರೀಕ್ಷೆ ಹಾಲ್‌ನಲ್ಲಿ, ಎಲ್ಲಾ ಕಡೆ ಹೆಣ್ಣುಮಕ್ಕಳು ಟಾಯ್ಲೆಟ್‌ಗೆ ಹೆದರಿ ನೀರು ಬಿಡುತ್ತಾರೆ. ಆಮೇಲೆ ಉರಿಮೂತ್ರ ಅಂತ ನಮ್ಮ ಹತ್ತಿರ ಬರುತ್ತಾರೆ. ಚಹಾ ಬಿಡುವಿನಲ್ಲಿ ಸಂಘಟಕರ ಪೈಕಿ ಒಬ್ಬ ಹುಡುಗಿಯನ್ನು ಹಿಡಿದು ಹೇಳಿದೆ. ಪಾಪ, ಅವಳಿಗೂ ಅದೇ ಕಷ್ಟ. ಹತ್ತು ನಿಮಿಷದಲ್ಲಿ ಬೀಗ ಹಾಕಿದ್ದ ಬಾಗಿಲಿನ ಕೀ ತರಿಸಿದಳು. ಒಳಗೆ ಏನಿತ್ತು ಅಂದರೆ, ಪೊರಕೆ, ಬಕೆಟ್, ಹಳೇ ಪೋಸ್ಟರ್ ಕಟ್ಟು. ಟಾಯ್ಲೆಟ್ ಸರಿಯಾಗೇ ಇತ್ತು! ಸಾಮಾನು ತೆಗೆಸಿದ ಮೇಲೆ ಸಾಲು ಬೇಗ ಬೇಗ ಸರಿಯಿತು. ಅದನ್ನು ಬೆಳಿಗ್ಗೆಯೇ ತೆಗೆಸಬಹುದಿತ್ತು ಅಲ್ವಾ?

ಪರದೆ ಬಗ್ಗೆ. ಹಗಲಿನ ದೃಶ್ಯಗಳು ಚಂದ ಕಂಡವು. ಹಾಬಿಟ್‌ಗಳ ಹಸಿರು ಊರು ಬಂದಾಗ ಹಾಲ್ ಪೂರ್ತಿ “ಆಹಾ” ಅಂದಿತು. ಹೊರಗಿನ ಬಿಸಿಲು ನೋಡಿ ಬಂದವರಿಗೆ ಆ ಹುಲ್ಲು ಕಂಡರೇ ಅರ್ಧ ದುಡ್ಡು ವಸೂಲಿ. ಆದರೆ ಪ್ರೊಜೆಕ್ಟರ್ ಲ್ಯಾಂಪ್ ಹಳೆಯದಾಗಿದೆ ಅನ್ನಿಸಿತು. ಬೆಳಕು ಕಮ್ಮಿ. ಮೋರಿಯಾ ಗಣಿಯ ಭಾಗ ಇಡೀ ಕತ್ತಲು. ಗಣಿ ಅಂದಮೇಲೆ ಬಳ್ಳಾರಿಯವರಿಗೆ ಆಸಕ್ತಿ ಜಾಸ್ತಿ. ಕುಳ್ಳರು ಆಸೆಗೆ ಬಿದ್ದು ತೀರಾ ಆಳಕ್ಕೆ ಅಗೆದರು, ಒಳಗಿದ್ದ ಭೂತ ಎದ್ದು ಬಂತು ಅಂತ ಸಿನಿಮಾದಲ್ಲಿ ಹೇಳುವಾಗ ಹಿಂದಿನ ಸಾಲಿನಿಂದ ಒಬ್ಬ “ಸಂಡೂರ್ ಕಡೆಯವ್ರು ಕೇಳಿಸ್ಕೊಳ್ರಪ್ಪೋ” ಅಂದ. ಆ ನಗು ಇನ್ನೂ ಕಿವಿಯಲ್ಲಿದೆ.

ನನ್ನ ಪಕ್ಕ ಕೂತಿದ್ದು ಒಬ್ಬ ಅಜ್ಜಿ, ಮೊಮ್ಮಗನ ಜೊತೆ ಬಂದವರು. ಇಂಗ್ಲಿಷ್ ಮಾತು, ಕೆಳಗೆ ಇಂಗ್ಲಿಷ್ ಅಕ್ಷರ, ಎರಡೂ ಅವರಿಗೆ ಬರುವುದಿಲ್ಲ. ಮೊಮ್ಮಗ ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಪಿಸುಗುಟ್ಟುತ್ತಾ ಹೇಳುತ್ತಿದ್ದ. ನಮ್ಮೂರಲ್ಲಿ ಇದು ಮಾಮೂಲು, ಯಾರಿಗೂ ಸಿಟ್ಟು ಬರಲಿಲ್ಲ. ಮೊದಲ ಭಾಗದಲ್ಲಿ ಅಜ್ಜಿ ಕೇಳಿದರು, “ಅಷ್ಟು ಕೆಟ್ಟ ಉಂಗ್ರ ಅಂದ್ರೆ ಯಾವ್ದಾದ್ರೂ ಹೊಳಿಗೆ ಒಗದ್ರೆ ಆತಲ್ಲೋ?” ಮೊಮ್ಮಗ ಸೋಲಲಿಲ್ಲ. “ಹೊಳಿಯಾಗೇ ಬಿದ್ದಿತ್ತಜ್ಜಿ. ಎರಡೂವರೆ ಸಾವಿರ ವರ್ಷ ಆದ್ಮೇಲೆ ಮತ್ತೆ ಸಿಕ್ತು.” ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿ, “ಹಂಗಾದ್ರ ಬೆಂಕಿನೇ ಸರಿ” ಅಂದರು. ಮುಂದಿನ ಎಂಟು ತಾಸಿನ ಕಥೆ ಅವರಿಗೆ ಅಲ್ಲೇ ಗೊತ್ತಾಗಿಹೋಯಿತು.

ಊಟ: ಚಿತ್ರಾನ್ನ, ಮೊಸರನ್ನ, ಉಪ್ಪಿನಕಾಯಿ, ಒಂದು ಬಾಳೆಹಣ್ಣು. ಜಾಣತನದ ಊಟ. ಬಿರಿಯಾನಿ ಯಾಕಿಲ್ಲ ಅಂತ ಕೆಲವರು ಗೊಣಗಿದರು. ಬಿರಿಯಾನಿ ಕೊಟ್ಟಿದ್ದರೆ ಎರಡನೇ ಭಾಗಕ್ಕೆ ಗೊರಕೆಯೇ ಹಿನ್ನೆಲೆ ಸಂಗೀತ ಆಗುತ್ತಿತ್ತು. ಮೊಸರನ್ನಕ್ಕೇ ನನ್ನ ಅಕ್ಕನ ಮಗ ಅರ್ಧ ತಾಸು ಮಲಗಿದ. ಎದ್ದು “ಏನಾಯ್ತು ಚಿಕ್ಕಮ್ಮ?” ಅಂದ. “ಮರಗಳು ಮಾತಾಡ್ತಿದಾವೆ” ಅಂದೆ. “ಇನ್ನೂನಾ?” ಅಂತ ಮತ್ತೆ ಮಲಗಿದ. ಎರಡನೇ ಭಾಗದ ಮರಗಳ ಕಥೆ ನಿಧಾನ, ಅದನ್ನು ಊಟ ಆದ ಮೇಲೆ ನೋಡುವುದು ಕಷ್ಟವೇ.

ಇದೇ ಹೊತ್ತಲ್ಲಿ ಕರೆಂಟು ಹೋಯಿತು. ಜನರೇಟರ್ ಬಂತು, ಆದರೆ ಪ್ರೊಜೆಕ್ಟರ್ ಮತ್ತೆ ಚಾಲೂ ಆಗಲು ಹೊತ್ತು ಹಿಡಿಯಿತು. ಎಸಿ ಜನರೇಟರ್ ಮೇಲೆ ಓಡುವುದಿಲ್ಲವಂತೆ. ಒಳಗೆ ಬೇಯತೊಡಗಿತು. ಆಗ ಯಾರಾದರೂ ಮುಂದೆ ಬಂದು “ಇನ್ನು ಹದಿನೈದು ನಿಮಿಷ ಆಗುತ್ತೆ, ಹೊರಗೆ ಹೋಗಿ ಬನ್ನಿ” ಅಂದಿದ್ದರೆ ಒಂದು ಬಿಡುವು ಪುಕ್ಕಟೆ ಸಿಗುತ್ತಿತ್ತು. ಯಾರೂ ಏನೂ ಹೇಳಲಿಲ್ಲ. ಎಲ್ಲರೂ ಈಗ ಬಂತು, ಆಗ ಬಂತು ಅಂತ ಕೂತಲ್ಲೇ ಬೆವರಿದೆವು. ಆಸ್ಪತ್ರೆಯಲ್ಲೂ ಇದೇ. ಕಾಯುವುದಕ್ಕೆ ಜನ ಬೇಸರ ಮಾಡಿಕೊಳ್ಳುವುದಿಲ್ಲ, ಎಷ್ಟು ಹೊತ್ತು ಅಂತ ಹೇಳದಿದ್ದರೆ ಸಿಟ್ಟಾಗುತ್ತಾರೆ.

ಎರಡನೇ ಭಾಗದ ಇಂಟರ್ವಲ್ ಮಾತ್ರ ಪಕ್ಕಾ ತೆಲುಗು ಸಿನಿಮಾ. ತೋಳಗಳ ಜೊತೆ ಕಾಳಗ, ತಂಡದ ವೀರ ಅರಗಾರ್ನ್ ಬಂಡೆಯ ಅಂಚಿನಿಂದ ಕೆಳಗೆ ಬಿದ್ದ, ಟಕ್ ಅಂತ ಲೈಟ್ ಬಂತು. ಸಿಳ್ಳೆಯೋ ಸಿಳ್ಳೆ. ಇಂಗ್ಲಿಷ್ ಸಿನಿಮಾಕ್ಕೆ ಇಂಟರ್ವಲ್ ಇರುವುದಿಲ್ಲ, ನಾವೇ ಕತ್ತರಿಸಬೇಕು. ಹೀಗೆ ಕತ್ತರಿಸಿದರೆ ನನ್ನ ತಕರಾರಿಲ್ಲ.

ಆಮೇಲೆ ಬಂತು ನೋಡಿ ಹೆಲ್ಮ್ಸ್ ಡೀಪ್ ಕೋಟೆಯ ಯುದ್ಧ. ಇದಕ್ಕೆ ದೊಡ್ಡ ಪರದೆ ಬೇಕೇ ಬೇಕು. ಅದಕ್ಕಿಂತ ಜಾಸ್ತಿ ದೊಡ್ಡ ಸ್ಪೀಕರ್ ಬೇಕು. ಈ ಥಿಯೇಟರಿನ ಸೌಂಡು ನಿಜಕ್ಕೂ ಚೆನ್ನಾಗಿದೆ. ಮಳೆಯಲ್ಲಿ ಶತ್ರು ಸೈನ್ಯ ಈಟಿ ಕುಟ್ಟುತ್ತಾ ಕೂಗುವಾಗ ಸೀಟಿನ ಕೆಳಗೆ ನೆಲ ನಡುಗಿತು. ಆ ಕೂಗಿಗೆ ವೆಲ್ಲಿಂಗ್ಟನ್‌ನಲ್ಲಿ ಕ್ರಿಕೆಟ್ ಮ್ಯಾಚ್ ನೋಡಲು ಬಂದ ಸಾವಿರಾರು ಜನರ ದನಿ ಬಳಸಿದ್ದಾರೆ. ನಿರ್ದೇಶಕರೇ ಮೈದಾನಕ್ಕೆ ಇಳಿದು, ಹೀಗೆ ಕೂಗಿ ಅಂತ ಹೇಳಿಕೊಟ್ಟರಂತೆ. ಈ ಯುದ್ಧವನ್ನು ತಿಂಗಳುಗಟ್ಟಲೆ ರಾತ್ರಿ ಹೊತ್ತೇ ಶೂಟ್ ಮಾಡಿದ್ದು. ಸೈನಿಕರ ಮುಖದ ಮೇಲಿನ ಸುಸ್ತು ಎಷ್ಟೋ ಕಡೆ ಅಭಿನಯ ಅನ್ನಿಸುವುದಿಲ್ಲ. ನೈಟ್ ಡ್ಯೂಟಿಯ ಬೆಳಗಿನ ಜಾವ ನಾಲ್ಕು ಗಂಟೆಯ ಮುಖ ನನಗೆ ಚೆನ್ನಾಗಿ ಗೊತ್ತು.

ಕೋಟೆ ಗೋಡೆಯ ಕೆಳಗೆ ನೀರು ಹೋಗಲು ಒಂದು ಮೋರಿ ಇರುತ್ತದೆ. ಇಡೀ ಕೋಟೆಯ ದುರ್ಬಲ ಜಾಗ ಅದೊಂದೇ, ಅಲ್ಲೇ ಮದ್ದಿಟ್ಟು ಸಿಡಿಸುತ್ತಾರೆ. ಬಳ್ಳಾರಿಯಲ್ಲಿ ಹುಟ್ಟಿದವರಿಗೆ ಆಗ ನಮ್ಮ ಕೋಟೆಯ ಕಥೆ ನೆನಪಾಗದೇ ಇರುತ್ತದಾ? ಹೈದರ್ ಅಲಿ ಫ್ರೆಂಚ್ ಇಂಜಿನಿಯರ್ ಕೈಯಲ್ಲಿ ಗುಡ್ಡದ ಹಳೇ ಕೋಟೆಯನ್ನು ಹೊಸದಾಗಿ ಭದ್ರ ಮಾಡಿಸಿದ. ಮುಗಿದ ಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡ ಇನ್ನೂ ಎತ್ತರ, ಅಲ್ಲಿಂದ ಕೋಟೆಗೆ ಗುರಿ ಇಡಬಹುದು. ಸಿಟ್ಟಿಗೆ ಇಂಜಿನಿಯರನ್ನೇ ಗಲ್ಲಿಗೆ ಹಾಕಿಸಿದ ಅಂತ ಹೇಳುತ್ತಾರೆ. ಇದನ್ನು ಅಕ್ಕನ ಮಗನಿಗೆ ಹೇಳಿದೆ. ಸಿವಿಲ್ ಓದುವವನು, ಅವನಿಗೆ ನಿದ್ದೆ ಪೂರ್ತಿ ಬಿಟ್ಟುಹೋಯಿತು.

ರಾತ್ರಿಯಿಡೀ ಕೂತು ರಾಕ್ಷಸರ ಕಥೆ ನೋಡುವುದು ನಮ್ಮ ಕಡೆಯವರಿಗೆ ಹೊಸದೇನಲ್ಲ. ನಮ್ಮಜ್ಜಿಯ ಊರು ಸಿರುಗುಪ್ಪದ ಹತ್ತಿರ. ಅಲ್ಲಿ ಬಯಲಾಟ ಊಟ ಆದ ಮೇಲೆ ಶುರುವಾದರೆ ಬೆಳಕು ಹರಿಯುವತನಕ. ಆದರೆ ಅಲ್ಲಿ ಚಾಪೆ ಹಾಸಿಕೊಂಡು ಕೂರುತ್ತಿದ್ದೆವು. ನಿದ್ದೆ ಬಂದರೆ ಮಲಗಬಹುದು, ಮಂಡಕ್ಕಿ ತಿನ್ನಬಹುದು, ಎದ್ದು ಹೊಲದ ಕಡೆ ಹೋಗಿ ಬರಬಹುದು. ರಾಕ್ಷಸ ಕೂಗುತ್ತಾ ಬಂದಾಗ ಮಕ್ಕಳು ತಾವಾಗೇ ಏಳುತ್ತಿದ್ದವು. ನೋಡುವವರು ನಡುನಡುವೆ ಎದ್ದು ಹೋಗುತ್ತಾರೆ ಅಂತ ಗೊತ್ತಿದ್ದೇ ಆಟ ಕಟ್ಟಿರುತ್ತಾರೆ. ಒಂದು ಪದ ತಪ್ಪಿದರೆ ಆಟ ನಡೆಸಿಕೊಡುವ ಸಾರಥಿ ಮತ್ತೆ ಕೇಳಿ ಹೇಳಿಸುತ್ತಾನೆ. ಸಿನಿಮಾದಲ್ಲಿ ಅದಿಲ್ಲ. ಎದ್ದು ಹೋದರೆ ಹೋದದ್ದೇ. ಅದಕ್ಕೇ ಬಿಡುವು ಸರಿಯಾಗಿ ಕೊಡಬೇಕು ಅಂತ ನಾನು ಇಷ್ಟು ಹಟ ಮಾಡುತ್ತಿರುವುದು.

ಮೂರನೇ ಭಾಗಕ್ಕೆ ಕೂರುವ ಹೊತ್ತಿಗೆ ಹಾಲ್‌ನಲ್ಲಿ ಸುಮಾರು ಸೀಟು ಖಾಲಿ. ಹೊಸಪೇಟೆ, ಸಿರುಗುಪ್ಪ ಕಡೆಯಿಂದ ಬಂದವರು ಬಸ್ಸಿಗೆ ಅಂತ ಹೊರಟುಬಿಟ್ಟಿದ್ದರು. ಪಾಪ, ಕಥೆ ಮುಗಿಯುವ ಭಾಗವೇ ಅವರಿಗೆ ಇಲ್ಲ. ಬೆಳಿಗ್ಗೆ ಏಳಕ್ಕೇ ಶುರು ಮಾಡಿದ್ದರೆ ಈ ತೊಂದರೆ ಇರುತ್ತಿರಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಹೆದರಿದವರಿಗೆ ಈಗ ಎಸಿ ಜಾಸ್ತಿಯಾಗಿ ನಡುಕ. ಗ್ಯಾಂಡಾಲ್ಫ್‌ನ ಕಂಬಳಿಗೆ ಆಗ ಬಂತು ಬೆಲೆ. ಮೂವರು ಹಂಚಿಕೊಂಡು ಹೊದ್ದಿದ್ದರು.

ಈ ಭಾಗಕ್ಕೆ 11 ಆಸ್ಕರ್ ಬಂದಿವೆ. ನಾಮಿನೇಟ್ ಆಗಿದ್ದೂ 11ಕ್ಕೇ, ಒಂದೂ ಬಿಡಲಿಲ್ಲ. ಸಿನಿಮಾ ಬಗ್ಗೆ ನಾನು ಹೇಳುವುದು ಇನ್ನೇನೂ ಇಲ್ಲ. ಆದರೆ ನರ್ಸ್ ಆಗಿ ಎರಡು ದೂರು ಇವೆ. ಜೇಡ ಕುಟುಕಿ ಬಿದ್ದ ಫ್ರೋಡೋನನ್ನು ನೋಡಿ ಸ್ಯಾಮ್ ಸತ್ತೇ ಹೋದ ಅಂದುಕೊಳ್ಳುತ್ತಾನೆ. ಕತ್ತಿನ ನಾಡಿ ಹಿಡಿದು ನೋಡಬಾರದಾ ಮಾರಾಯ? ಶತ್ರುಗಳಾದ ಓರ್ಕ್‌ಗಳಿಗೇ ಅವನು ಬದುಕಿದ್ದಾನೆ ಅಂತ ಗೊತ್ತಾಗುತ್ತದೆ. ಇನ್ನೊಂದು, ಬೆಂಕಿ ಬೆಟ್ಟದ ಮೇಲೆ ಸ್ಯಾಮ್ ಅವನನ್ನು ಹೆಗಲಿಗೆ ಹಾಕಿಕೊಂಡು ಹೊರಡುವುದು. ಹಾಗೆ ಎತ್ತಿದರೆ ಸೊಂಟ ಹೋಗುತ್ತದೆ. ಇಷ್ಟೆಲ್ಲಾ ಅಂದುಕೊಂಡರೂ ಆ ಹೊತ್ತಿಗೆ ಕಣ್ಣಲ್ಲಿ ನೀರು ಬಂತು. ಬೆಳಿಗ್ಗೆಯಿಂದ ಅವರ ಜೊತೆಯೇ ನಡೆದು ಬಂದ ಸುಸ್ತು ಮೈಯಲ್ಲಿತ್ತು. ಮನೆಯಲ್ಲಿ ವಾರಕ್ಕೊಂದು ಭಾಗ ನೋಡಿದರೆ ಇದು ಸಿಗುವುದಿಲ್ಲ. ಪಕ್ಕದ ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡು “ಒಳ್ಳೇ ಹುಡುಗ” ಅಂದರು. ಯಾವ ಹುಡುಗ ಅಂತ ಮೊಮ್ಮಗ ಕೇಳಲಿಲ್ಲ.

ಉಂಗುರ ಕರಗಿದ ಮೇಲೆ ಸಿನಿಮಾ ಮುಗಿಯುವುದೇ ಇಲ್ಲ, ಗೊತ್ತಲ್ಲ. ಪರದೆ ಕಪ್ಪಾಯಿತು ಅಂತ ಜನ ಎದ್ದರು. ಮತ್ತೆ ಬೆಳಕು ಬಂತು, ಕೂತರು. ಪಟ್ಟಾಭಿಷೇಕ ಆಯಿತು, ಎದ್ದರು. ಹಾಬಿಟ್‌ಗಳು ಊರಿಗೆ ಬಂದರು, ಕೂತರು. ಹಡಗು ಬಂತು. ಅಷ್ಟರಲ್ಲಿ ಅರ್ಧ ಜನ ಬಾಗಿಲ ಹತ್ತಿರ ನಿಂತೇ ನೋಡುತ್ತಿದ್ದರು. ನಾನೂ ಅಲ್ಲೇ ಇದ್ದೆ, ಹೆಂಗಸರ ಸಾಲಿಗೆ ಮೊದಲು ಸೇರೋಣ ಅಂತ.

ಹೋಗುವವರಿಗೆ ಕೆಲವು ಮಾತು. ಬಾಲ್ಕನಿಯ ಸೀಟು ತಗೊಳ್ಳಿ, ಕಾಲು ಚಾಚಲು ಜಾಗ ಇದೆ. ಕೆಳಗಿನ ಸೀಟಿನ ಕುಶನ್ ಎರಡನೇ ಸಿನಿಮಾಕ್ಕೇ ಸೋಲುತ್ತದೆ. ಸೊಂಟದ ಹಿಂದೆ ಇಡಲು ಸಣ್ಣ ದಿಂಬು, ಹೊದೆಯಲು ಒಂದು ಶಾಲು ಇರಲಿ. ಕೂತಲ್ಲೇ ಆಗಾಗ ಹಿಮ್ಮಡಿ ಎತ್ತಿ ಇಳಿಸಿ. ಬಿಡುವಿನಲ್ಲಿ ಫೋನ್ ಹಿಡಿದು ಕೂರಬೇಡಿ, ನಡೆದಾಡಿ. ಅಷ್ಟು ಹೊತ್ತು ಕಾಲು ಇಳಿಬಿಟ್ಟು ಕೂತರೆ ಪಾದ ಊದುತ್ತದೆ, ಕೆಲವರಿಗೆ ರಕ್ತ ಹೆಪ್ಪುಗಟ್ಟುವ ಅಪಾಯವೂ ಇರುತ್ತದೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತಗೊಳ್ಳುವವರು ಊಟದ ಹೊತ್ತು ಸಂಘಟಕರನ್ನು ಮೊದಲೇ ಕೇಳಿಕೊಳ್ಳಿ, ಯಾಕೆಂದರೆ ನಮಗೆ ಊಟ ಕೈಗೆ ಬಂದಾಗ ಒಂದು ಗಂಟೆ ಹತ್ತಿರ ಆಗಿತ್ತು. ಮತ್ತೆ ನೀರು ಕುಡಿಯಿರಿ, ಸಾಲು ಎಷ್ಟೇ ಉದ್ದ ಇರಲಿ.

ಒಂಬತ್ತೂವರೆಗೆ ಮುಗಿಯಿತು. ಗೇಟಿನಲ್ಲಿ ಆ ಹುಡುಗಿ ಒಂದು ನೋಟ್‌ಬುಕ್ ಹಿಡಿದು ಎಲ್ಲರ ಅಭಿಪ್ರಾಯ ಬರೆಸಿಕೊಳ್ಳುತ್ತಿದ್ದಳು. ಮುಂದಿನ ಸಲ ಉದ್ದದ ಆವೃತ್ತಿ ಹಾಕುವ ಆಲೋಚನೆ ಇದೆಯಂತೆ, ಚಳಿಗಾಲದಲ್ಲಿ. ನಾನು ಬರೆದದ್ದು ಇಷ್ಟು: ಶನಿವಾರ, ಭಾನುವಾರ ಎರಡು ದಿನ ಮಾಡಿ. ಇಂಟರ್ವಲ್ 20 ನಿಮಿಷ ಕೊಡಿ. ನಾಲ್ಕೂ ಬಾಗಿಲಿಗೆ ಚಿಲಕ ಹಾಕಿಸಿ, ಕೀ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಒಗ್ಗರಣಿ ಮಿರ್ಚಿ ಮಾತ್ರ ಬದಲಾಯಿಸಬೇಡಿ. ಇಷ್ಟಾದರೆ 800 ಕೇಳಿದರೂ ಕೊಡುತ್ತೇನೆ, ಅಕ್ಕನ ಮಗನದೂ ನಾನೇ ಕೊಡುತ್ತೇನೆ. ಅವನು ಪಕ್ಕದಿಂದ ಇಣುಕಿ ನೋಡಿ, “ಅದನ್ನೂ ಬರಿ ಚಿಕ್ಕಮ್ಮ, ಸಾಕ್ಷಿ ಇರ್ಲಿ” ಅಂದ.